ನಾಲ್ಕನೇ ಕೇಂದ್ರದ ನೀಲಿ ನೂಲು

ಕತ್ತರಿಯ ಸದ್ದು ಅಡುಗೆಮನೆಗೆ ಕೇಳದಿರಲೆಂದು ಅವಳು ಉಸಿರು ಬಿಗಿಹಿಡಿದಳು.

ಅಲ್ಲಿ ಅಕ್ಕ ಟೀ ಕುದಿಸುತ್ತಿದ್ದಳು. ಇಲ್ಲಿ, ಹೊಲಿಗೆ ಕೋಣೆಯಲ್ಲಿ, ತಂಗಿ ಅಕ್ಕನದೇ ಕತ್ತರಿಯಿಂದ ಅಕ್ಕನದೇ ಬಟ್ಟೆಯ ಅಂಚನ್ನು ಉಗುರಿನಗಲ ಕತ್ತರಿಸಿಕೊಳ್ಳುತ್ತಿದ್ದಳು. ನೀಲಿ ಬಟ್ಟೆ. ಮೇಜಿನ ಮೇಲೆ, ಮಂಚದ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಎಲ್ಲಿ ನೋಡಿದರೂ ಅದೇ. ಹೊಲಿದು ಮುಗಿದ ಪುಟ್ಟ ಪುಟ್ಟ ಅಂಗಿಗಳು, ತೋಳು ಕೂರಿಸದ ಅಂಗಿಗಳು, ಇನ್ನೂ ಅಂಗಿಯೇ ಆಗದ ತುಂಡುಗಳು.

"ಸಕ್ಕರೆ ಎಷ್ಟು ಹಾಕ್ಲೇ?" ಅಕ್ಕ ಒಳಗಿನಿಂದ ಕೂಗಿದಳು.

"ನಿನ್ನ ಕೈಗೆ ಬಂದಷ್ಟು."

"ನನ್ನ ಕೈಗೆ ಬಂದಷ್ಟು ಹಾಕಿದ್ರೆ ನಾಳೆ ನಿಮ್ಮ ಇಲಾಖೆಯವರು ಅದನ್ನೂ ಅಳೆಯೋಕೆ ಯಂತ್ರ ತಂದು ಇಡ್ತಾರೆ!"

ಅಕ್ಕ ತನ್ನ ಮಾತಿಗೆ ತಾನೇ ನಕ್ಕಳು. ತಂಗಿ ಕತ್ತರಿಯನ್ನು ಇದ್ದಲ್ಲೇ ಇಟ್ಟಳು. ಬಟ್ಟೆಯ ತುಂಡನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿದಳು. ಇಲಾಖೆಯಲ್ಲಿ ಅವಳು ತನಿಖಾಧಿಕಾರಿ. ಈ ಮನೆಯಲ್ಲಿ ಮಾತ್ರ ಇವತ್ತಿಗೂ ಲಾಯರಮ್ಮ. ಚಿಕ್ಕಂದಿನಲ್ಲಿ ಎಲ್ಲಕ್ಕೂ ವಾದ ಹೂಡುತ್ತಿದ್ದವಳೆಂದು ಭಾವ ಇಟ್ಟ ಹೆಸರು. ಅಪ್ಪ ಹೋದ ಮೇಲೆ ಅವಳನ್ನು ಕರೆತಂದು, ತಮ್ಮ ಮಗಳಂತೆ ಓದಿಸಿದವರೂ ಭಾವನೇ. ಅವಳು ಊಟಕ್ಕೆಂದು ಬಂದಿದ್ದಳು. ಊಟ ಮಾಡಿ, ಕೈ ತೊಳೆದು, ಅದೇ ಕೈಯಿಂದ ಕದ್ದಿದ್ದಳು.

ಇಲಾಖೆಯ ತೂಕದ ಮೇಷ್ಟ್ರು ಗಾಳಿ ಅಳೆಯುವ ನಾಲ್ಕನೇ ಕೇಂದ್ರದ ಮಾಳಿಗೆಯಿಂದ ಬಿದ್ದು, ಎಚ್ಚರ ತಪ್ಪಿ ಆಸ್ಪತ್ರೆಯಲ್ಲಿ ಮಲಗಿದ್ದರು. ತಾವಾಗಿ ಬಿದ್ದರೋ, ಯಾರಾದರೂ ತಳ್ಳಿದರೋ ತಿಳಿದಿರಲಿಲ್ಲ. ಬೀಳುವ ಮುನ್ನ ಅವರು ಪ್ರಯೋಗಾಲಯದಲ್ಲಿ ಬೇರೆಯಾಗಿ ಎತ್ತಿಟ್ಟಿದ್ದ ಒಂದೇ ಒಂದು ಡಬ್ಬಿ ಅವಳನ್ನು ಈ ಕತ್ತರಿಯವರೆಗೆ ತಂದು ನಿಲ್ಲಿಸಿತ್ತು.

ಆ ಡಬ್ಬಿಯಲ್ಲಿದ್ದದ್ದು ನಾಣ್ಯದಗಲದ ಒಂದು ಬಿಳಿ ಫಿಲ್ಟರು.

ಸುತ್ತಲಿನ ಊರುಗಳ ಗಾಳಿಯನ್ನು ಅಳೆಯಲು ಇಲಾಖೆ ಅಲ್ಲಲ್ಲಿ ಕೇಂದ್ರಗಳನ್ನು ಇಟ್ಟಿತ್ತು. ಪ್ರತಿ ಕೇಂದ್ರದ ಮಾಳಿಗೆಯಲ್ಲೂ ಒಂದು ಯಂತ್ರ ಇಡೀ ದಿನ ಗಾಳಿಯನ್ನು ಎಳೆದು ಇಂಥದೊಂದು ಫಿಲ್ಟರಿನ ಮೂಲಕ ಹಾಯಿಸುತ್ತದೆ. ಗಾಳಿ ಹೋಗುತ್ತದೆ, ಮಸಿ ಉಳಿಯುತ್ತದೆ. ಕೇಂದ್ರಗಳನ್ನು ಸುತ್ತಿ ಫಿಲ್ಟರು ಹಾಕಿ ತೆಗೆಯುವವರು ಭಾವ. ಮುಚ್ಚಿದ ಡಬ್ಬಿಗಳನ್ನು ತೆರೆದು, ಕೂದಲೆಳೆಯ ಭಾರಕ್ಕೂ ಮುಳ್ಳು ಅಲುಗುವ ತಕ್ಕಡಿಯಲ್ಲಿ ತೂಗುವವರು ಮೇಷ್ಟ್ರು.

ಎಲ್ಲ ಡಬ್ಬಿಗಳ ಜೊತೆ ಒಂದು ಡಬ್ಬಿ ಸುಮ್ಮನೆ ಹೋಗಿ ಸುಮ್ಮನೆ ಬರುತ್ತದೆ. ಲ್ಯಾಬಿನವರು ಅದನ್ನು ಬ್ಲ್ಯಾಂಕ್ ಎನ್ನುತ್ತಾರೆ. ಅದರ ಫಿಲ್ಟರು ಯಂತ್ರವನ್ನು ಮುಟ್ಟುವುದಿಲ್ಲ. ಬೇರೆ ಫಿಲ್ಟರನ್ನು ಹಾಕಿ ತೆಗೆಯುವಷ್ಟು ಹೊತ್ತು ಪಕ್ಕದಲ್ಲೇ ಅದರ ಮುಚ್ಚಳ ತೆರೆದಿಟ್ಟು, ಮತ್ತೆ ಮುಚ್ಚಬೇಕು, ಅಷ್ಟೇ. ಕೈಯ ಕೊಳೆ, ದಾರಿಯ ಧೂಳು ಎಷ್ಟು ಸೇರಿತೆಂದು ತಿಳಿಯಲಿಕ್ಕೆ.

ನಾಲ್ಕನೇ ಕೇಂದ್ರದ ಒಂದು ಕಡೆ ಲಾರಿ ನಿಲ್ದಾಣ, ಇನ್ನೊಂದು ಕಡೆ ಕಬ್ಬಿಣ ಕರಗಿಸುವ ಕಾರ್ಖಾನೆ. ಅಲ್ಲಿ ಮುಚ್ಚಳ ತೆರೆದಿಟ್ಟ ಬ್ಲ್ಯಾಂಕಿನ ಮೇಲೆ ಚೂರು ಮಸಿಯೋ ಕಬ್ಬಿಣದ ಹುಡಿಯೋ ಇರುವುದು ಸಹಜ. ಸೂಕ್ಷ್ಮದರ್ಶಕದಲ್ಲಿ ಅದರ ಜೊತೆ ಅವಳಿಗೆ ಬೇರೆಯದೂ ಕಂಡಿತು.

ನೂಲು. ನೀಲಿ ಹತ್ತಿ ನೂಲಿನ ಮೂರು ತುಣುಕು.

ಕಾರ್ಖಾನೆಯ ಮ್ಯಾನೇಜರನನ್ನೂ ಲಾರಿ ಮಾಲೀಕರ ಸಂಘದ ಅಧ್ಯಕ್ಷನನ್ನೂ ಅನುಮಾನಿಸುತ್ತ ಊರೆಲ್ಲ ಸುತ್ತಿದವಳಿಗೆ, ಆ ನೂಲು ಎಲ್ಲಿಯದೆಂದು ಹೊಳೆದದ್ದು ಇವತ್ತು ಮಧ್ಯಾಹ್ನ, ಅಕ್ಕನ ಸೀರೆಯ ಸೆರಗಿಗೆ ಅಂಟಿಕೊಂಡಿದ್ದ ಎಳೆಯನ್ನು ಪ್ರೀತಿಯಿಂದ ತೆಗೆಯಲು ಕೈ ಚಾಚಿದಾಗ.

ಬಾಗಿಲ ಬಳಿ ಚಪ್ಪಲಿ ಬಿಟ್ಟ ಸದ್ದಾಯಿತು.

"ಏನು ಲಾಯರಮ್ಮ, ಅಕ್ಕನ ಹತ್ತಿರ ಕೆಲಸಕ್ಕೆ ಸೇರಿದ್ಯಾ? ಗುಂಡಿ ಹಚ್ಚೋಕೆ ಬರುತ್ತೇನು?"

ಭಾವ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಎತ್ತರದ ಆಳು, ಏಣಿ ಹತ್ತಿ ಹತ್ತಿ ಬೆನ್ನು ಸ್ವಲ್ಪ ಮುಂದಕ್ಕೆ ಬಾಗಿತ್ತು. ಕೈಯಲ್ಲಿ ಡಬ್ಬಿಗಳ ಪೆಟ್ಟಿಗೆ. ಬೆಳಿಗ್ಗೆ ಮನೆಯಿಂದಲೇ ಕೇಂದ್ರಗಳಿಗೆ ಹೊರಡುವವರಾದ್ದರಿಂದ, ಡಬ್ಬಿಗಳು ತುಂಬಿದ ಪೆಟ್ಟಿಗೆ ರಾತ್ರಿ ಈ ಮನೆಯಲ್ಲೇ ಇರುತ್ತಿತ್ತು. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಯಾರೂ ಅದರ ಬಗ್ಗೆ ಯೋಚಿಸಿರಲಿಲ್ಲ.

"ಭಾವ, ಬಾಗಿಲು ಸ್ವಲ್ಪ ಮುಂದೆ ಮಾಡ್ತೀರಾ?"

ಅವರ ನಗು ಒಮ್ಮೆಲೇ ಹೋಗಲಿಲ್ಲ. ದೀಪದ ಬತ್ತಿ ಇಳಿಸಿದ ಹಾಗೆ ನಿಧಾನವಾಗಿ ಇಳಿಯಿತು. ಪೆಟ್ಟಿಗೆಯನ್ನು ಮಂಚದ ಮೇಲಿಟ್ಟು, ಬಾಗಿಲು ಮುಂದೆ ಮಾಡಿ, ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತರು.

"ಕೇಳು," ಅಂದರು. "ನೀನು ಕೇಳ್ಲಿ ಅಂತಾನೇ ಕಾಯ್ತಿದ್ದೆ."

ಇಷ್ಟು ಬೇಗ ಬಾಗುತ್ತಾರೆಂದು ಅವಳು ಎಣಿಸಿರಲಿಲ್ಲ. ಮಧ್ಯಾಹ್ನದಿಂದ ಜೋಡಿಸಿಕೊಂಡಿದ್ದ ಪ್ರಶ್ನೆಗಳು ಚೆಲ್ಲಾಪಿಲ್ಲಿಯಾದವು.

"ನಾಲ್ಕನೇ ಕೇಂದ್ರದ ಫಿಲ್ಟರು ಎಲ್ಲಿ ಓಡ್ತಿತ್ತು ಭಾವ?"

"ಇಲ್ಲೇ. ಈ ಮನೆ ತಾರಸಿ ಮೇಲೆ."

"ಯಂತ್ರ?"

"ಇಲಾಖೆಯ ಹಳೇದು. ರಿಪೇರಿಗೆ ಅಂತ ತಂದಿದ್ದೆ. ಇವತ್ತಿಗೂ ಮೇಲಿದೆ, ಟಾರ್ಪಾಲಿನ್ ಹೊದಿಸಿ ಇಟ್ಟಿದೀನಿ."

"ಯಾರು ಮಾಡಿಸಿದ್ದು? ಕಾರ್ಖಾನೆಯವರಾ? ಲಾರಿಯವರಾ?"

ಭಾವ ತಲೆಯೆತ್ತಿ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ತನ್ನನ್ನು ಇವಳು ಇನ್ನೂ ದೊಡ್ಡ ಮನುಷ್ಯನೆಂದು ತಿಳಿದಿದ್ದಾಳಲ್ಲ ಎಂಬ ನಾಚಿಕೆಯಿತ್ತು.

"ಅಯ್ಯೋ, ನನ್ನನ್ನ ಕೊಂಡುಕೊಳ್ಳೋಕೆ ಯಾರೂ ಬರ್ಲಿಲ್ಲ ಕಣಮ್ಮ. ಬಂದಿದ್ರೆ ಓಡಿಸೋ ಧೈರ್ಯ ಇತ್ತು ನನಗೆ. ಬಂದಿದ್ದು ಭಯ. ಅದನ್ನ ಓಡಿಸೋಕೆ ಆಗ್ಲಿಲ್ಲ."

ಸಂಗತಿ ಇಷ್ಟೇ ಇತ್ತು. ಬೇಸಿಗೆಯಲ್ಲಿ ನಾಲ್ಕನೇ ಕೇಂದ್ರದಲ್ಲಿ ಗಾಳಿ ಎಳೆಯುವ ಪಂಪಿನ ಮೋಟಾರು ಸುಟ್ಟಿತು. ಮೋಟಾರಿನೊಳಗೆ ಸವೆಯುವ ಕಾರ್ಬನ್ ಬ್ರಷ್ಷು ಬದಲಿಸಬೇಕಾಗಿದ್ದವರು ಭಾವ. ಮುಂದಿನ ವಾರ, ಮುಂದಿನ ವಾರ ಎಂದು ತಳ್ಳುತ್ತ ಬಂದಿದ್ದರು. ಕೆಲಸದ ಕೊನೆಯ ವರ್ಷದಲ್ಲಿ ಛೀಮಾರಿ ಹಾಕಿಸಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಹೊಸ ಮೋಟಾರು ಬರುವವರೆಗೆ, ಏನೋ ಒಂದು ಅಂಕಿ ಹೋಗಲಿ ಎಂದು, ಆ ಕೇಂದ್ರದ ಫಿಲ್ಟರನ್ನು ಮನೆಯ ತಾರಸಿಯಲ್ಲಿ ಓಡಿಸಿದರು. ಇಲ್ಲಿ ಲಾರಿಯಿಲ್ಲ, ಕಾರ್ಖಾನೆಯಿಲ್ಲ, ಊರಿನ ಇನ್ನೊಂದು ತುದಿ. ಫಿಲ್ಟರು ಬೆಳ್ಳಗೆ ಬಂತು.

"ಒಂದು ವಾರ ಅಂದ್ಕೊಂಡೆ. ಮೋಟಾರು ಬರೋದ್ರೊಳಗೆ ಬೇಸಿಗೆ ಮುಗೀತು. ಅಷ್ಟರಲ್ಲಿ ಆ ಅಂಕಿ ನೋಡಿ ನಾಲ್ಕನೇ ಕೇಂದ್ರದ ಪಕ್ಕ ಶಾಲೆ ತೆರೆಯೋಕೆ ಒಪ್ಪಿಗೆ ಕೊಟ್ಟುಬಿಟ್ರು. ಗಾಳಿ ಚೆನ್ನಾಗಿದೆಯಂತೆ! ಪೇಪರಲ್ಲಿ ಓದಿದ ದಿನ ನನಗೆ ಊಟ ಸೇರ್ಲಿಲ್ಲ."

ತಂಗಿಯ ಕಣ್ಣು ತಾನಾಗಿಯೇ ಮಂಚದ ಮೇಲಿನ ಪುಟ್ಟ ಅಂಗಿಗಳತ್ತ ಹೋಯಿತು. ಭಾವನ ಕಣ್ಣೂ ಅಲ್ಲೇ ಇತ್ತು.

"ಹೂಂ," ಅಂದರು ಅವರು. "ಆ ಶಾಲೆ ಮಕ್ಕಳದ್ದೇ. ಸೋಮವಾರದಿಂದ ಬರ್ತಾರೆ. ನಿನ್ನಕ್ಕನಿಗೆ ಹೊಲಿಯೋ ಕೆಲಸ ಸಿಕ್ಕಿತು ಅಂದಾಗ ಬೇಡ ಅನ್ನೋ ಮಾತು ಬಾಯಿವರೆಗೂ ಬಂತು. ಮತ್ತೆ ಆ ಸುಳ್ಳಿನ ಮಾತು ಎತ್ತೋಕೆ ನಾಚಿಕೆ ಆಯ್ತು."

ಗೋಡೆಯಾಚೆ ಲೋಟಗಳ ಸದ್ದು ಕೇಳಿಸಿತು. ಅಕ್ಕ ಯಾವುದೋ ರಾಗ ಗುನುಗುತ್ತಿದ್ದಳು.

ಅವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ. ಸೈಕಲ್ಲು ಕಲಿಸುವಾಗ ಹಿಂದಿನಿಂದ ಹಿಡಿದುಕೊಂಡು ಓಡುತ್ತಿದ್ದ ಭಾವ ನೆನಪಾದರು. ಬಿಡಬೇಡಿ, ಬಿಡಬೇಡಿ ಎಂದು ಅವಳು ಕಿರುಚುತ್ತಿದ್ದಳು. ಈಗ ಬಿಡಬೇಕಾದವಳು ತಾನು.

"ಹೊಸ ಮೋಟಾರು ಬಂದಮೇಲೂ ಯಾಕೆ ನಿಲ್ಲಿಸ್ಲಿಲ್ಲ ಭಾವ?"

"ಯಾರು ನಿಲ್ಲಿಸ್ಲಿಲ್ಲ ಅಂದಿದ್ದು?" ಭಾವ ಗಟ್ಟಿಯಾಗಿಯೇ ಅಂದರು. "ಮೋಟಾರು ಬಂದ ದಿನಾನೇ ನಿಲ್ಲಿಸಿದೆ. ಆವತ್ತಿಂದ ನಾಲ್ಕನೇ ಕೇಂದ್ರದ ಫಿಲ್ಟರು ನಾಲ್ಕನೇ ಕೇಂದ್ರದಲ್ಲೇ ಓಡಿದೆ. ಈ ಕೈಯಿಂದಾನೇ ಹಾಕಿದೀನಿ, ಈ ಕೈಯಿಂದಾನೇ ತೆಗೆದಿದೀನಿ."

"ಭಾವ..."

"ಅಂಕಿ ಆಮೇಲೂ ಹಾಗೇ ಬಂತು. ಸ್ವಚ್ಛ! ನಂಬ್ತೀಯೋ ಇಲ್ವೋ, ಆ ಅಂಕಿ ನೋಡಿ ನಾನು ಅತ್ತುಬಿಟ್ಟೆ. ಸದ್ಯ, ಗಾಳಿ ನಿಜವಾಗ್ಲೂ ಚೆನ್ನಾಗಿದೆ, ನನ್ನ ಸುಳ್ಳಿನಿಂದ ಯಾರಿಗೂ ಏನೂ ಆಗಿಲ್ಲ ಅಂತ. ತಪ್ಪು ಮಾಡಿದೆ ನಿಜ. ಆದ್ರೆ ತಪ್ಪು ದಾರೀಲಿ ಹೋದ್ರೂ ಸರಿಯಾದ ಮನೆಗೇ ಹೋಗಿ ಸೇರಿದೆ ಅಂದ್ಕೊಂಡೆ."

ಅವಳು ಕೈಚೀಲದಿಂದ ಒಂದು ಡಬ್ಬಿ ತೆಗೆದಳು. ಮುಚ್ಚಳ ತಿರುಗಿಸಿ ಮೇಜಿನ ಮೇಲೆ, ನೀಲಿ ಬಟ್ಟೆಯ ನಡುವೆ ಇಟ್ಟಳು.

ಒಳಗಿನ ಫಿಲ್ಟರು ಬಾಣಲೆಯ ತಳದಂತೆ ಕಪ್ಪಗಿತ್ತು.

"ಯಾವುದಿದು?" ಭಾವನ ದನಿ ಇಳಿದಿತ್ತು.

"ನಾಲ್ಕನೇ ಕೇಂದ್ರದ್ದು. ನಿನ್ನೆ ನಾನೇ ಬೇರೆ ಯಂತ್ರ ಇಟ್ಟು ಓಡಿಸಿದೆ. ಪಕ್ಕದಲ್ಲೇ ಕೂತಿದ್ದೆ, ಎದ್ದು ಹೋಗ್ಲಿಲ್ಲ. ಈ ಕಪ್ಪು ಬಣ್ಣ ಕೊಟ್ಟಿದ್ದು ಲಾರಿ ಹೊಗೆ. ಬೆಳಿಗ್ಗೆ ಲ್ಯಾಬಿನಲ್ಲಿ ನೋಡಿಸ್ದೆ, ಒಳಗೆ ಕಬ್ಬಿಣ ಇದೆ, ಸೀಸಾನೂ ಇದೆ."

ಭಾವ ಡಬ್ಬಿಯತ್ತ ಬಾಗಿದರು. ಮುಟ್ಟಲಿಲ್ಲ.

"ನೀವು ತೆಗೆದಾಗ ಯಾವ ಬಣ್ಣ ಇರ್ತಿತ್ತು ಭಾವ?"

ಭಾವ ಮುಖವನ್ನು ಕಿಟಕಿಯತ್ತ ತಿರುಗಿಸಿದರು.

"ದಿನಾ ತೆಗೀತಿದ್ರಲ್ಲ. ಕಪ್ಪಗಿತ್ತಾ, ಬೆಳ್ಳಗಿತ್ತಾ?"

"ನೋಡ್ತಿರ್ಲಿಲ್ಲ."

"ಅಂದ್ರೆ?"

"ನೋಡ್ತಿರ್ಲಿಲ್ಲ ಅಂದ್ರೆ ನೋಡ್ತಿರ್ಲಿಲ್ಲ!" ಭಾವ ಎರಡೂ ಕೈಯಿಂದ ಮುಖ ಒರೆಸಿಕೊಂಡರು. "ಮುಚ್ಚಳ ಹಾಕೋವಾಗ ಕಣ್ಣು ಆ ಕಡೆ ತಿರುಗಿಸ್ತಿದ್ದೆ. ಬೆರಳಿಗೇ ಅಭ್ಯಾಸ ಇದೆಯಲ್ಲ. ಕಪ್ಪಗಿದ್ರೆ ಏನು ಮಾಡ್ಲಿ ಅಂತ ಭಯ. ಮೇಷ್ಟ್ರು ತೂಗ್ತಾರೆ, ಅಂಕಿ ಬರುತ್ತೆ, ಆಗ ನೋಡಿದ್ರಾಯ್ತು ಅಂತ. ಅಂಕಿ ಚೆನ್ನಾಗಿ ಬರ್ತಿತ್ತು. ಆಮೇಲೆ ನೋಡೋ ಅಗತ್ಯಾನೇ ಇಲ್ಲ ಅಂತ ಮನಸ್ಸಿಗೆ ಹೇಳ್ಕೊಂಡೆ."

ಈ ಮಾತು ಸುಳ್ಳಲ್ಲ ಎಂದು ಅವಳಿಗೆ ಗೊತ್ತಾಯಿತು. ಸುಳ್ಳು ಹೇಳುವವನು ಇದಕ್ಕಿಂತ ಗೌರವದ ಸುಳ್ಳು ಹೇಳುತ್ತಿದ್ದ.

ಹಾಗಾದರೆ ಮಾಳಿಗೆಯಲ್ಲಿ ಕಪ್ಪಾದ ಫಿಲ್ಟರು ಮೇಷ್ಟ್ರ ತಕ್ಕಡಿ ತಲುಪುವಷ್ಟರಲ್ಲಿ ಬೆಳ್ಳಗಾದದ್ದು ಹೇಗೆ? ಸಂಖ್ಯೆಯಿರುವುದು ಡಬ್ಬಿಯ ಮುಚ್ಚಳದ ಮೇಲೆ. ಫಿಲ್ಟರಿನ ಮೇಲೆ ಏನೂ ಇರುವುದಿಲ್ಲ.

"ಭಾವ, ಬ್ಲ್ಯಾಂಕಿನಲ್ಲಿ ನೀಲಿ ನೂಲು ಸಿಕ್ಕಿದೆ. ಮೇಷ್ಟ್ರು ಅದನ್ನೇ ಎತ್ತಿಟ್ಟಿದ್ರು. ಈ ಬಟ್ಟೆಯದ್ದೇ ಅನ್ಸುತ್ತೆ."

"ಇರಬಹುದು. ಆಗ ಇಲ್ಲೇ, ಈ ಮೇಜಿನ ಮೇಲೇ ಫಿಲ್ಟರು ಬದಲಾಯಿಸ್ತಿದ್ದೆ. ಮೇಲೆ ಗಾಳಿ ಜಾಸ್ತಿ ಅಂತ. ನಿನ್ನಕ್ಕ ಪಕ್ಕದಲ್ಲಿ ಟಾರ್ಚು ಹಿಡ್ಕೊಂಡು..."

ಭಾವ ನಿಲ್ಲಿಸಿದರು.

ಅವರು ಅಂಗಿಗಳನ್ನು ನೋಡುತ್ತಿದ್ದರು. ಒಂದನ್ನು ಕೈಗೆತ್ತಿಕೊಂಡರು, ತೋಳನ್ನು ಹೆಬ್ಬೆರಳಿನಿಂದ ಸವರಿದರು.

"ಲಾಯರಮ್ಮ," ಅಂದರು ಮೆಲ್ಲಗೆ. "ಬೇಸಿಗೇಲಿ ನಿನ್ನಕ್ಕ ಆಸ್ಪತ್ರೆಯವರ ಬಿಳೀ ಕೋಟು ಹೊಲೀತಿದ್ಲು. ಮನೆ ತುಂಬ ಬಿಳಿ. ಈ ನೀಲಿ ಬಂದಿದ್ದು ಮೊನ್ನೆ ಮೊನ್ನೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ.

ಭಾವ ಬೇಸಿಗೆಯ ಮೋಸ ನಿಲ್ಲಿಸಿದ ಮೇಲೂ ಈ ಮೇಜಿನ ಮೇಲೆ ಯಾರೋ ಡಬ್ಬಿ ತೆರೆದಿದ್ದರು. ರಾತ್ರಿ ಪೆಟ್ಟಿಗೆಯಿಂದ, ಮೇಷ್ಟ್ರು ಮೊದಲೇ ತೂಗಿ ಕೊಟ್ಟಿದ್ದ ನಾಲ್ಕನೇ ಕೇಂದ್ರದ ಹೊಸ ಫಿಲ್ಟರನ್ನು ತೆಗೆದಿಟ್ಟುಕೊಂಡು, ಹಳೆಯ ಯಂತ್ರದ ಜೊತೆ ಉಳಿದಿದ್ದ ಬೇರೊಂದನ್ನು ಡಬ್ಬಿಗೆ ಹಾಕಿ ಕಳಿಸಿದ್ದರು. ತೂಗಿದ ಆ ನಿಜವಾದ ಫಿಲ್ಟರು ಮರುದಿನ ತಾರಸಿಯ ಮೇಲೆ ಇಲ್ಲಿಯ ಒಳ್ಳೆಯ ಗಾಳಿ ಕುಡಿಯುತ್ತಿತ್ತು. ಭಾವ ಕಣ್ಣು ತಿರುಗಿಸಿಕೊಂಡು ತಂದ ಕರಿಯ ಫಿಲ್ಟರು ರಾತ್ರಿಯೇ ಮಾಯವಾಗುತ್ತಿತ್ತು, ಅದರ ಜಾಗಕ್ಕೆ ತಾರಸಿಯ ಬಿಳಿಯದು ಬರುತ್ತಿತ್ತು. ಮೋಸವನ್ನು ಇಷ್ಟು ಶಿಸ್ತಾಗಿ ಮಾಡಲು ಬರುವುದು ಒಬ್ಬಳಿಗೇ: ಗಂಡನ ಕೆಲಸವನ್ನು ಪಕ್ಕದಲ್ಲಿ ನಿಂತು ನೋಡಿ ಕಲಿತವಳಿಗೆ. ಹೊಲಿಗೆಯಲ್ಲಿ ಒಂದು ಟಾಕೂ ಬಿಡದವಳಿಗೆ. ಭಾವ ಬ್ಲ್ಯಾಂಕಿನ ಮುಚ್ಚಳ ತೆರೆದಿಡುತ್ತಿದ್ದರು. ಅದು ಯಾಕೆಂದು ತಿಳಿಯದಿದ್ದರೂ ಅವಳೂ ಈ ಮೇಜಿನ ಮೇಲೆ ತೆರೆದಿಟ್ಟಳು. ಕಳ್ಳರು ಇಂಥ ತಪ್ಪು ಮಾಡುವುದಿಲ್ಲ. ಅಕ್ಕ ಮಾತ್ರ ಮಾಡುತ್ತಾಳೆ.

ಯಾಕೆ ಎಂದು ಕೇಳಬೇಕಾಗಿರಲಿಲ್ಲ. ಅಂಕಿ ಇದ್ದಕ್ಕಿದ್ದಂತೆ ಏರಿದರೆ ಬೇಸಿಗೆಯ ಸುಳ್ಳು ಬಯಲಾಗುತ್ತಿತ್ತು. ಗಂಡ ನಾಚಿಕೆಯಿಂದ ನಿಲ್ಲಿಸಿದ್ದನ್ನು ಹೆಂಡತಿ ಗಂಡನಿಗಾಗಿ ಮುಂದುವರಿಸಿದ್ದಳು, ಗಂಡನಿಗೇ ಹೇಳದೆ. ಆ ಅಂಕಿ ನೋಡಿ ಅವರು ಅತ್ತಾಗ ಬೆನ್ನು ಸವರಿದವಳೂ ಅವಳೇ ಇರಬೇಕು.

"ಬರ್ಕೋ," ಭಾವ ಎದ್ದು ನಿಂತರು.

"ಏನು?"

"ಎಲ್ಲಾ ನಾನೇ ಮಾಡಿದ್ದು ಅಂತ. ಬೇಸಿಗೇದೂ ನಾನೇ, ಆಮೇಲಿಂದೂ ನಾನೇ. ನಿಲ್ಲಿಸಿದೆ ಅಂದೆನಲ್ಲ, ಅದು ಸುಳ್ಳು. ಬರಿ. ಸಹಿ ಹಾಕ್ತೀನಿ."

"ಸುಳ್ಳು ಹೇಳಿಕೆ ಬರೀ ಅಂತ ನನಗೇ ಹೇಳ್ತಿದೀರಾ ಭಾವ?"

"ಸುಳ್ಳು ಶುರು ಮಾಡಿದವನು ನಾನು ತಾನೇ? ಅದು ನನ್ನ ಹೆಸರಲ್ಲೇ ಮುಗೀಲಿ. ಶಾಲೆ ಸೋಮವಾರ ತೆರೆಯಲ್ಲ, ಅದು ಮುಖ್ಯ. ಉಳಿದದ್ದು ನಮ್ಮ ಮನೆ ವಿಷಯ."

"ಉಳಿದದ್ದರಲ್ಲಿ ಮೇಷ್ಟ್ರು ಇದಾರೆ ಭಾವ."

ಭಾವ ಕೈಯಲ್ಲಿದ್ದ ಅಂಗಿಯನ್ನು ಮಡಿಸಿ ಇಟ್ಟರು. ಮೇಷ್ಟ್ರಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಎಷ್ಟೋ ವರ್ಷದಿಂದ ಅವರ ಊಟದ ಡಬ್ಬಿ ಹೋಗುತ್ತಿದ್ದದ್ದು ಈ ಮನೆಯಿಂದಲೇ. ಆಸ್ಪತ್ರೆಯವರು ಬಂಧುಗಳೆಂದು ಬರೆದುಕೊಂಡಿದ್ದದ್ದೂ ಈ ಮನೆಯ ಫೋನ್ ನಂಬರನ್ನೇ.

"ಅದನ್ನೂ ಬರಿ," ಅಂದರು ಕೊನೆಗೆ. "ನಾನೇ ತಳ್ಳಿದೆ ಅಂತ."

ಮೇಷ್ಟ್ರು ಬಿದ್ದ ಆ ಸಂಜೆ ಭಾವ ಈ ಊರಿನಲ್ಲೇ ಇರಲಿಲ್ಲ. ಅವಳ ಊರಿನಲ್ಲಿ, ಅವಳ ಮನೆಯ ಬಾಲ್ಕನಿಯಲ್ಲಿ ಕೂತಿದ್ದರು. ಹೇಳದೆ ಕೇಳದೆ ಬಂದು, ಎರಡು ಸಲ ಟೀ ಕುಡಿದು, ಕುಂಡದ ಗಿಡಗಳನ್ನು ಹೊಗಳಿ, ಏನೋ ಹೇಳುವವರಂತೆ ಬಾಯಿ ತೆರೆದು, ಎದ್ದು ಹೋಗಿದ್ದರು. ಅವಳು ಕಂಪ್ಯೂಟರಿನಿಂದ ತಲೆಯೆತ್ತಿರಲಿಲ್ಲ. ಏನು ಭಾವ ಎಂದು ಒಂದು ಮಾತು ಕೇಳಿದ್ದರೆ ಅಂದೇ ಎಲ್ಲ ಹೊರಗೆ ಬರುತ್ತಿತ್ತು. ಮೇಷ್ಟ್ರು ಮಾಳಿಗೆ ಹತ್ತುತ್ತಲೇ ಇರಲಿಲ್ಲವೇನೋ.

ಭಾವ ಅಲ್ಲಿದ್ದರು ಎಂಬುದಕ್ಕೆ ಲೋಕದಲ್ಲಿ ಇರುವ ಸಾಕ್ಷಿ ಅವಳೊಬ್ಬಳೇ. ಬಾಯಿ ಬಿಟ್ಟರೆ ಭಾವ ಉಳಿಯುತ್ತಾರೆ, ಎಲ್ಲರ ಬೆರಳು ಅಕ್ಕನ ಕಡೆ ತಿರುಗುತ್ತದೆ. ಬಾಯಿ ಮುಚ್ಚಿಕೊಂಡರೆ ಅಕ್ಕ ಉಳಿಯುತ್ತಾಳೆ.

"ನಿಮ್ಮ ಕೈಯಲ್ಲಿ ಆಗಲ್ಲ ಭಾವ, ಆವತ್ತು ಸಂಜೆ ಎಲ್ಲಿದ್ರಿ ಅನ್ನೋ ಒಂದೇ ಪ್ರಶ್ನೆಗೆ ಸಿಕ್ಕಿಬೀಳ್ತೀರ."

"ನೀನು ಆ ಪ್ರಶ್ನೆ ಕೇಳದಿದ್ರೆ ಸಿಕ್ಕಿಬೀಳಲ್ಲ," ಅಂದರು ಭಾವ. ಆಮೇಲೆ, ಇಡೀ ಜನ್ಮದಲ್ಲಿ ಅವಳಿಂದ ಏನನ್ನೂ ಕೇಳದವರು, ಕೈ ಮುಗಿದರು. "ಕೇಳ್ಬೇಡಮ್ಮ."

ಅವಳು ಹಾಳೆ ತೆಗೆದಳು. ತಾನು ಏನು ಮಾಡುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು, ಕೈಗೆ ಗೊತ್ತಿಲ್ಲವೆಂದು ನಟಿಸಿದಳು. ಕಣ್ಣು ತಿರುಗಿಸಿಕೊಂಡು ಮುಚ್ಚಳ ಹಾಕುವುದೆಂದರೆ ಹೀಗೇ ಇರಬೇಕು. ಪೆನ್ನು ಹಾಳೆಯ ಮೇಲೆ ಇಳಿಯಿತು. ಭಾವನ ಹೆಸರಿನ ಮೊದಲ ಅಕ್ಷರ ಮೂಡಿತು.

ಒಳಗೆಲ್ಲೋ ಫೋನು ಸದ್ದು ಮಾಡಿತು. ಅಕ್ಕನ ಗುನುಗು ನಿಂತಿತು. ಹಲೋ ಎಂದದ್ದು ಕೇಳಿಸಿತು, ಆಮೇಲೆ ಏನೂ ಕೇಳಿಸಲಿಲ್ಲ. ಟೀ ಉಕ್ಕಿ ಒಲೆಯ ಮೇಲೆ ಚೆಲ್ಲಿದ ವಾಸನೆ ಬಂತು. ಅಕ್ಕ ಟೀ ಉಕ್ಕಲು ಬಿಟ್ಟವಳೇ ಅಲ್ಲ.

ಬಾಗಿಲು ತೆರೆಯಿತು.

ಅಕ್ಕನ ಕೈಯಲ್ಲಿ ತಟ್ಟೆಯಿರಲಿಲ್ಲ. ಅವಳು ಮೊದಲು ಕರಿಯ ಫಿಲ್ಟರನ್ನು ನೋಡಿದಳು, ಆಮೇಲೆ ಗಂಡನ ಮುಗಿದ ಕೈಯನ್ನು, ಆಮೇಲೆ ತಂಗಿಯ ಮುಂದಿದ್ದ ಹಾಳೆಯನ್ನು.

"ಆಸ್ಪತ್ರೆಯಿಂದ ಫೋನು," ಅಂದಳು. "ಮೇಷ್ಟ್ರಿಗೆ ಎಚ್ಚರ ಆಗಿದೆಯಂತೆ. ನನ್ನನ್ನೇ ಕೇಳ್ತಿದಾರಂತೆ."

"ನೀನು ಒಳಗೆ ಹೋಗೇ," ಭಾವ ಅಂದರು. ಆ ದನಿಯಲ್ಲಿ ಗದರಿಕೆಗಿಂತ ಬೇಡಿಕೆಯೇ ಹೆಚ್ಚಿತ್ತು. "ನಾನು ಲಾಯರಮ್ಮನ ಹತ್ರ ಮಾತಾಡ್ತಿದೀನಿ."

"ಕೇಳಿಸ್ತು ರೀ. ಈ ಮನೆ ಗೋಡೆ ಎಷ್ಟು ದಪ್ಪ ಅಂತ ನನಗೆ ಗೊತ್ತಿಲ್ವಾ?"

ಅಕ್ಕ ಹತ್ತಿರ ಬಂದು ತಂಗಿಯ ಕೈಯ ಮೇಲೆ ಕೈಯಿಟ್ಟಳು. ಪೆನ್ನು ಅಲ್ಲೇ ನಿಂತಿತು. ಆ ಕೈ ಬೆಚ್ಚಗಿತ್ತು.

"ಬರೆಯೋದಾದ್ರೆ ಪೂರ್ತಿ ಬರಿ ಕಣೇ. ಆವತ್ತು ಸಂಜೆ ಮೇಷ್ಟ್ರ ಜೊತೆ ಮಾಳಿಗೆ ಹತ್ತಿದವಳು ನಾನು. ಆದ್ರೆ ನಾವು ಹತ್ತಿದಾಗ, ಅಲ್ಲಿ ಆಗಲೇ ಒಬ್ಬರು ಕಾಯ್ತಾ ನಿಂತಿದ್ರು."